ಏಳನೆಯವನ ಬಾಯಿ

"ನಿಮ್ಮಜ್ಜನ ಕೈಗಾಡಿ ಚಕ್ರ ಇಲ್ಲಿ ಮುರೀತು, ಅದಕ್ಕೇ ನೀವು ಇಲ್ಲಿದ್ದೀರಿ. ಅಷ್ಟೇ ಕಣೋ ನಿಮ್ಮ ವಂಶದ ಚರಿತ್ರೆ!"

ಪಂಚಾಯಿತಿ ಅಧ್ಯಕ್ಷ ಗುಂಡೋಲ್ಫ್ ಬಿಯರ್ ಮಗ್ಗನ್ನು ಮೇಜಿಗೆ ಕುಟ್ಟಿ ಹೀಗೆಂದಾಗ ಪಡಖಾನೆಯಲ್ಲಿದ್ದ ಅರ್ಧ ಜನ ನಕ್ಕರು. ಇನ್ನರ್ಧ ಜನರ ಬಾಯಲ್ಲಿ ಸಾಸೇಜಿತ್ತು. ಎದುರಿಗೆ ನಿಂತಿದ್ದ ವೆಂಡೆಲ್‌ನ ಕಿವಿ ಕೆಂಡವಾಯಿತು. ಗುಂಡೋಲ್ಫ್ ಅಷ್ಟಕ್ಕೇ ಬಿಡಲಿಲ್ಲ.

"ಮುನ್ನೂರು ಚಿಲ್ಲರೆ ವರ್ಷದ ಹಿಂದೆ ಸ್ವೀಡನ್ ದಂಡು ಬಂದು ಊರು ಸುಟ್ಟಾಗ್ಲೂ ನಮ್ಮ ಮನೆತನ ಇಲ್ಲಿತ್ತು. ಗಾಡಿಯವರ ಹುಡುಗ ಬಾಂದುಕಲ್ಲು ಕಾಯ್ತಾನಂತೆ! ನನ್ನ ಹಂದೀನೂ ಸೇರಿಸ್ಕೊಳ್ಳಿ, ಅದಕ್ಕೂ ನೆಲ ಕೆದಕೋದು ಗೊತ್ತು."

"ಸ್ವೀಡನ್‌ನೋರೇ ಒಂದಿನ ನೋಡಿ ಓಡಿಹೋದ ಊರಿದು," ಎಂದ ಮೂಲೆಯಲ್ಲಿದ್ದ ಕಿಲಿಯಾನಜ್ಜ. "ಇವನಜ್ಜ ನಿಂತ. ಗಂಡೆದೆ ಯಾರದು ಹೇಳು."

ಕ್ರೇನ್‌ಬಾಖ್ ಬೆಟ್ಟದ ಬುಡದಲ್ಲಿ ಮುದುರಿ ಮಲಗಿದ ನಾಯಿಯಂಥ ಊರು. ಮೂತಿಯ ಕಡೆ ಚರ್ಚು, ಬಾಲದ ಕಡೆ ಹಳ್ಳ, ಹಳ್ಳದಾಚೆ ಲಿಂಡಾಖ್. ಲಿಂಡಾಖಿನವರ ಬಿಯರು ಪಾತ್ರೆ ತೊಳೆದ ನೀರು, ಅವರ ಚರ್ಚಿನ ಗಂಟೆ ಒಡಕು ಎಂಬುದನ್ನು ಕ್ರೇನ್‌ಬಾಖಿನ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುತ್ತಾರೆ. ಎರಡೂರಿನ ನಡುವಿನ ಬಾಂದುಕಲ್ಲುಗಳನ್ನು ಕಾಯುವವರು ಏಳು ಮಂದಿ. ಪ್ರತಿ ಕಲ್ಲಿನಡಿ ಅವರು ಒಂದು ಗುರುತು ಹೂಳುತ್ತಾರೆ. ಅದೇನೆಂದು ಕಟ್ಟಿಕೊಂಡ ಹೆಂಡತಿಗೂ ಗೊತ್ತಿಲ್ಲ. ಯಾವನಾದರೂ ಕಲ್ಲು ಸರಿಸಿದರೆ ಗುರುತು ಹಳೆಯ ಜಾಗದಲ್ಲೇ ಉಳಿದು ಕಳ್ಳನನ್ನು ಹಿಡಿದುಕೊಡುತ್ತದೆ. ಏಳರಲ್ಲಿ ಒಬ್ಬ ಸತ್ತರೆ ಉಳಿದ ಆರು ಮಂದಿಯೇ ಇನ್ನೊಬ್ಬನನ್ನು ಆರಿಸಬೇಕು, ಪ್ರಮಾಣ ಮಾತ್ರ ಅಧ್ಯಕ್ಷನೇ ಮಾಡಿಸಬೇಕು.

ಈಚೆಗೆ ಒಬ್ಬ ಸತ್ತಾಗ, ಕಿಲಿಯಾನಜ್ಜನೂ ಸೇರಿ ಉಳಿದ ಆರು ಮಂದಿ ವೆಂಡೆಲ್‌ನನ್ನು ಆರಿಸಿದ್ದರು. ಗುಂಡೋಲ್ಫ್ ಪ್ರಮಾಣ ಮಾಡಿಸಲೊಲ್ಲ. ಕಳೆದ ಮಹಾಯುದ್ಧ ಮುಗಿದ ವರ್ಷ ವೆಂಡೆಲ್‌ನ ಅಜ್ಜ ನೆಲೆ ಕಳೆದುಕೊಂಡು ಗಾಡಿ ನೂಕಿಕೊಂಡು ಬಂದಾಗಿನಿಂದ ಇವರ ಮನೆಗೆ 'ಗಾಡಿಯವರು' ಎಂದೇ ಹೆಸರು. ವೆಂಡೆಲ್‌ಗೆ ಈ ಊರಿನವನು ಅನ್ನಿಸಿಕೊಳ್ಳಲು ಇದ್ದದ್ದು ಅದೊಂದೇ ಬಾಗಿಲು.

ಆ ಶನಿವಾರ ಗುಂಡೋಲ್ಫ್‌ನದೇ ಟ್ರ್ಯಾಕ್ಟರು ತಾಗಿ, ಅವನ ಮನೆಯ ಹಿಂದಿನ ಪ್ಲಮ್ ತೋಟದ ಬಾಂದುಕಲ್ಲು ವಾಲಿತು. ಲಿಂಡಾಖಿನವರು ಹಳ್ಳದಾಚೆ ಸಾಲಾಗಿ ನಿಂತು ಕೂಗಿದರು: "ಅಧ್ಯಕ್ಷ್ರೇ, ಬೇಗ ಸರಿಮಾಡ್ಸಿ. ಇಲ್ದಿದ್ರೆ ನಾವೇ ನಮಗೆ ಬೇಕಾದ ಕಡೆ ನಿಲ್ಲಿಸ್ಕೋತೀವಿ!"

"ಎತ್ತಿ ನಿಲ್ಲಿಸ್ರೋ ಬೇಗ!" ಎಂದ ಗುಂಡೋಲ್ಫ್.

ಕಿಲಿಯಾನಜ್ಜ ಸಾವಕಾಶವಾಗಿ ಪೈಪಿಗೆ ಹೊಗೆಸೊಪ್ಪು ತುಂಬಿದ. "ಏಳು ಜನ ಇಲ್ದೆ ಕಲ್ಲು ಮುಟ್ಟೋ ಹಾಗಿಲ್ಲ. ನಾವಿರೋದು ಆರು. ಹಂದೀನ ಕರೀತೀಯಾ?"

ಊರೆಲ್ಲ ನೆರೆದಿತ್ತು. ಗುಂಡೋಲ್ಫ್ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ವೆಂಡೆಲ್‌ನ ಬಲಗೈ ಎತ್ತಿಸಿ ಪ್ರಮಾಣ ಹೇಳಿಕೊಟ್ಟ: "ಕಂಡದ್ದನ್ನು ಯಾರಿಗೂ ಹೇಳೆನು. ಹೆಂಡತಿಗೂ ಪಾದ್ರಿಗೂ ಅಧ್ಯಕ್ಷನಿಗೂ ಹೇಳೆನು. ಮಣ್ಣಿಗೆ ಹೋಗುವ ತನಕ."

ವೆಂಡೆಲ್ ಅಕ್ಷರ ಬಿಡದೆ ಹೇಳಿದ. 'ಅಧ್ಯಕ್ಷನಿಗೂ' ಎಂಬಲ್ಲಿ ತುಸು ಒತ್ತಿ ಹೇಳಿದ.

ಪದ್ಧತಿಯಂತೆ ಊರವರು ಬೆನ್ನು ತಿರುಗಿಸಿ ನಿಂತರು, ಗುಂಡೋಲ್ಫ್ ಕೂಡ. ಏಳು ಮಂದಿ ಕಲ್ಲನ್ನು ಪಕ್ಕಕ್ಕೆ ಮಲಗಿಸಿ ಮಣ್ಣು ತೆಗೆದರು. ಗುರುತು ಇರಬೇಕಾದ ಜಾಗದಲ್ಲೇ ಇತ್ತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ವೆಂಡೆಲ್ ಅದನ್ನು ಕಣ್ತುಂಬ ನೋಡಿದ. ಆಮೇಲೆ ಗುಂಡೋಲ್ಫ್‌ನ ದಪ್ಪ ಬೆನ್ನನ್ನು ನೋಡಿದ. ತುಟಿ ಮುಂದೆ ಮಾಡಿ ಉದ್ದಕ್ಕೆ ಒಂದು ಸಿಳ್ಳೆ ಹಾಕಿದ.

ಕಿಲಿಯಾನಜ್ಜ ಅವನ ಮುಖ ನೋಡಿದ, ಗುಂಡಿ ನೋಡಿದ. ಮುದುಕನ ಮೀಸೆ ಅದುರಿತು. "ಹ್ಞೂಂ... ಹ್ಞೂಂ..." ಎಂದು ಭಾರವಾಗಿ ನರಳಿದ. ಉಳಿದ ಐವರೂ ಸಾವಿನ ಮನೆಯಲ್ಲಿ ಬಿಡುವಂಥ ನಿಟ್ಟುಸಿರು ಬಿಟ್ಟರು.

ಗುಂಡೋಲ್ಫ್ ತಿರುಗಲು ಹೋಗಿ, ಪದ್ಧತಿ ನೆನಪಾಗಿ ತಡೆದುಕೊಂಡ. ಅವನಜ್ಜ ಲಿಂಡಾಖಿನ ನೆಲ ಕಬಳಿಸಲು ಕಲ್ಲು ಸರಿಸಿದ್ದನೆಂದೂ, ಸತ್ತ ಮೇಲೆ ಕೆಂಡದಂಥ ಕಲ್ಲು ಹೊತ್ತು "ಎಲ್ಲಿಡಲಿ, ಎಲ್ಲಿಡಲಿ" ಎಂದು ಹಳ್ಳದ ದಂಡೆಯಲ್ಲಿ ಅಲೆಯುತ್ತಾನೆಂದೂ ಊರಿನ ಮುದುಕಿಯರು ಹೇಳುತ್ತಿದ್ದರು. ಅವನು ನಂಬಿರಲಿಲ್ಲ. ಈಗ ನಂಬಿದ.

ಕಿಲಿಯಾನಜ್ಜ ಗುಂಡಿಯ ಮೇಲೆ ತಾಡಪಾಲು ಎಳೆದ. "ತಿರುಗ್ರಪ್ಪ. ಕಲ್ಲು ನಿಲ್ಲಿಸೋದು ಸೋಮವಾರ. ಎಲ್ಲಿ ನಿಲ್ಲಿಸ್ಬೇಕು ಅಂತ ನಮಗೆ ಗೊತ್ತಾಯ್ತು."

ವೆಂಡೆಲ್ ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ, ಗುಂಡೋಲ್ಫ್‌ನ ಮನೆಯನ್ನು ಅಳೆದ. ಲಿಂಡಾಖ್ ಕಡೆ ನೋಡಿದ. ಟೋಪಿ ತೆಗೆದು ಎದೆಗೆ ಹಿಡಿದ.

"ಏನೋ ಕಂಡೆ?" ಗುಂಡೋಲ್ಫ್ ಕೀರಲು ದನಿಯಲ್ಲಿ ಕೇಳಿದ. "ನನ್ನ ಮನೆ ಈ ಊರಲ್ಲೇ ಇದೆ ತಾನೆ? ಅಡುಗೆಮನೆಯಾದ್ರೂ?"

"ಬನ್ನಿ ಅಧ್ಯಕ್ಷ್ರೇ, ನಮ್ಮೂರಿಗೆ ಬನ್ನಿ!" ಹಳ್ಳದಾಚೆಯಿಂದ ಯಾರೋ ಕೂಗಿದರು. "ಸಾಮಾನು ತರೋಕೆ ಕೈಗಾಡಿ ಕಳಿಸ್ಲಾ?"

ಈ ಸಲ ಯಾರ ಬಾಯಲ್ಲೂ ಸಾಸೇಜಿರಲಿಲ್ಲ. ಊರಿಗೆ ಊರೇ ನಕ್ಕಿತು.

ಗುಂಡೋಲ್ಫ್ ಓಡಿಬಂದು ವೆಂಡೆಲ್‌ನ ತೋಳು ಹಿಡಿದ. "ವೆಂಡೆಲ್, ನನ್ನಪ್ಪ, ಒಂದೇ ಒಂದು ಮಾತು ಹೇಳೋ. ನೀನು ನಮ್ಮೂರ ಹುಡುಗ ಅಲ್ವೇನೋ!"

ವೆಂಡೆಲ್ ಆ ಕೈಯನ್ನು ಮೆಲ್ಲಗೆ ಬಿಡಿಸಿದ. ಟೋಪಿ ತಲೆಗಿಟ್ಟು, ಗುದ್ದಲಿ ಹೆಗಲಿಗೇರಿಸಿ, ಪಡಖಾನೆಯ ಕಡೆಗೆ ಏರು ಹತ್ತತೊಡಗಿದ.