ಭಾವನ ಬೀಗದ ಕೈ ಗೊಂಚಲು

"ಸರ್ವರ್ ರೂಮಿನ ಕೀಲಿ ಕೊಡು. ನಾಳೆಯಿಂದ ಮನೆ ನೋಡ್ಕೊಂಡಿರು," ಅಂದುಬಿಟ್ಟರು ಭಾವ, ಆಫೀಸಿನ ಅಷ್ಟೂ ಜನರೆದುರು. ಭಾವ ಅಂದರೆ ನನ್ನ ಗಂಡನ ಅಣ್ಣ, ಇಲ್ಲಿ ಮ್ಯಾನೇಜರು. ಕಂಪನಿ ಅತ್ತೆಯದು. ಆಸ್ಪತ್ರೆಗಳ ಸರ್ವರ್‌ಗಳನ್ನು ನೋಡಿಕೊಳ್ಳುವವಳು ನಾನು.

ಮೈಯೆಲ್ಲ ಉರಿದುಹೋಯಿತು ನನಗೆ. "ಕೊಡಲ್ಲ," ಅಂದೆ.

ಆಗಿದ್ದು ಇಷ್ಟೆ. ಎಲ್ಲ ಸರ್ವರ್‌ಗಳಿಗೂ ಒಂದೇ ಥರದ ಸೆಟ್ಟಿಂಗ್ ಹಾಕೋ ಸಾಫ್ಟ್‌ವೇರ್ ಒಂದಿದೆ ನಮ್ಮಲ್ಲಿ. ಅವತ್ತು ಬೆಳಿಗ್ಗೆಯಿಂದ ಅದು ಮುಷ್ಕರ ಹೂಡಿತ್ತು. ನಾನು ಬಳಸಿದ ಒಂದು ಫಂಕ್ಷನ್, ಅಂದರೆ ಕೋಡ್‌ನ ಒಂದು ತುಣುಕು, ಸಿಗುತ್ತಿಲ್ಲ ಅಂತ ಒಂದೇ ರಾಗ. ಭಾವ ತಮ್ಮ ಲಾಗಿನ್‌ನಲ್ಲಿ ಫೋಲ್ಡರ್ ತೆಗೆದು ತೋರಿಸಿದರು. ಆ ಫಂಕ್ಷನ್ ಬರೆದಿಟ್ಟ ಫೈಲ್ ಅಲ್ಲೇ ಇತ್ತು. "ಕಣ್ಣೆದುರಿಗೇ ಇದೆಯಲ್ಲಮ್ಮ. ನೀನೇ ಏನೋ ಎಡವಟ್ಟು ಮಾಡಿದ್ದೀಯ."

ಕೀಲಿ ಕೇಳಿದ್ದು ಆಗಲೇ. ಕೊಡದೆ ಮತ್ತೆ ಕೂತು ಫೈಲಿನ ಹೆಸರು ನೋಡಿದೆ, ಸರಿಯಿತ್ತು. ವರ್ಷನ್ನೂ ಸರಿಯಿತ್ತು. ರೀಸ್ಟಾರ್ಟ್ ಮಾಡಿದೆ, ಮತ್ತದೇ ರಾಗ. ಭಾವ ಬೆನ್ನ ಹಿಂದೆ ನಿಂತು ಬೀಗದ ಕೈ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಆಫೀಸಿನ ಟೀ ಪುಡಿ ಕಪಾಟಿಗೂ ಬೀಗ ಹಾಕೋ ಮಹಾನುಭಾವ ಅವರು. ಒಂದು ಲೋಟ ಟೀ ಬೇಕಂದರೆ ಅವರ ಮುಂದೆ ಹೋಗಿ ನಿಲ್ಲಬೇಕು, ಅತ್ತೆ ಕೂಡ.

ಆ ಕಿಣಿಕಿಣಿ ಕೇಳಿ ಕೇಳಿ ತಲೆ ಕೆಟ್ಟಿತು, ಆಗಲೇ ಹೊಳೆಯಿತು. ಫೈಲ್ ಭಾವನಿಗೆ ಕಾಣುತ್ತೆ, ಸರಿ. ಸಾಫ್ಟ್‌ವೇರ್‌ಗೆ ಕಾಣುತ್ತಾ? ಸಾಫ್ಟ್‌ವೇರ್ ಓಡುವ ಅಕೌಂಟಿನಿಂದಲೇ ಅದನ್ನು ತೆಗೆಯಲು ನೋಡಿದೆ. ಅನುಮತಿ ಇಲ್ಲ ಅಂತ ಬಂತು.

"ಅತ್ತೆ, ಸ್ವಲ್ಪ ಇಲ್ಲಿ ಬನ್ನಿ," ಅಂದೆ. "ಈ ಫೈಲ್ ಬೆಳಿಗ್ಗೆ ಹಾಕಿದವರು ಭಾವ, ಮಾಲೀಕರ ಜಾಗದಲ್ಲಿ ಅವರ ಹೆಸರೇ ಇದೆ. ಹಾಕಿ, ಅಭ್ಯಾಸಬಲ ನೋಡಿ, ತಾವೊಬ್ಬರೇ ಓದೋ ಹಾಗೆ ಬೀಗ ಜಡಿದಿದ್ದಾರೆ. ಪಾಪ, ಸಾಫ್ಟ್‌ವೇರ್ ಹೊರಗೆ ನಿಂತು ಬಾಗಿಲು ಬಡೀತಿದೆ."

ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಾನು ಒಂದೇ ಸಾಲಿನ ಕಮಾಂಡ್‌ನಲ್ಲಿ ಅನುಮತಿ ಸರಿಮಾಡಿದೆ. ಸಾಫ್ಟ್‌ವೇರ್ ತೆಪ್ಪಗೆ ಕೆಲಸ ಶುರುಮಾಡಿತು.

"ಆಯ್ತು ಬಿಡು. ಕೀಲಿ ನಿನ್ನ ಹತ್ರಾನೇ ಇರಲಿ," ಅಂದರು ಭಾವ, ಮೆಲ್ಲಗೆ.

"ನನ್ನ ಬೈದಿದ್ದು ಮೆಲ್ಲಗಲ್ಲ ಭಾವ. ತಪ್ಪು ನಿಮ್ಮದೇ ಅನ್ನೋದನ್ನೂ ಅಷ್ಟೇ ಜೋರಾಗಿ ಹೇಳಿ. ಎಲ್ಲರೂ ಇಲ್ಲೇ ಇದ್ದಾರೆ."

ಭಾವ, ಅಮ್ಮ ಕಾಪಾಡಲಿ ಅಂತ ಅತ್ತೆಯ ಮುಖ ನೋಡಿದರು. ಅತ್ತೆ ಮಗನ ಮುಂದೆ ಕೈ ಚಾಚಿದರು. "ಹೇಳ್ತೀಯೋ, ಇಲ್ಲ ಗೊಂಚಲು ಕೊಡ್ತೀಯೋ?"

ನಂಬಿದರೆ ನಂಬಿ, ಗೊಂಚಲನ್ನೇ ಕೊಟ್ಟರು. ತಪ್ಪಾಯ್ತು ಅನ್ನೋದಕ್ಕಿಂತ ಅದೇ ಸಲೀಸು ಅನ್ನಿಸಿರಬೇಕು.

ಅತ್ತೆ ಅದನ್ನು ನನ್ನ ಮೇಜಿನ ಮೇಲಿಟ್ಟರು. ನಾನು ಎದ್ದು ಹೋಗಿ ಟೀ ಕಪಾಟು ತೆಗೆದೆ, ಬೀಗವನ್ನು ಕಸದ ಬುಟ್ಟಿಗೆ ಹಾಕಿದೆ.

"ಇನ್ಮೇಲೆ ಯಾರು ಬೇಕಾದರೂ ಕೇಳದೇ ಟೀ ಮಾಡ್ಕೋಬಹುದು," ಅಂದೆ, ಅವರು ನನಗೆ ಅಂದಷ್ಟೇ ಜೋರಾಗಿ. "ನೀವೂ ಅಷ್ಟೆ, ಭಾವ."