ಎತ್ತುವ ಪಾಠಕ್ಕೆ ಹೊತ್ತಿಲ್ಲ

ಖಜಾಂಚಿಯ ಜೊತೆ ವಾದ ಮಾಡಿ ಮಾಡಿ ನನ್ನ ಗಂಟಲು ಬಿದ್ದುಹೋಗಿತ್ತು. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರ ನೆರವಿಗೆಂದು ಇರುವ ಸಂಸ್ಥೆ ನಮ್ಮದು. ನಾನು ಅದರ ಕಾರ್ಯದರ್ಶಿ. ವರ್ಷಕ್ಕೊಂದು ಸಮ್ಮೇಳನ. ಅದರಲ್ಲಿ ಮಿಕ್ಕ ಹಣದಲ್ಲೇ ಮನೆಮನೆಗೆ ಹೋಗುವ ನರ್ಸಿನ ಸಂಬಳ.

"ಸಮ್ಮೇಳನದ ಶುಲ್ಕ ಏರಿಸದೆ ನರ್ಸಿಗೆ ಎಲ್ಲಿಂದ ಕೊಡೋಣ ಮೇಡಂ? ನೀವು ಕೊಡ್ತೀರಾ?"

"ಏರಿಸಿದ್ರೆ ಮಾತ್ರೆಗೇ ಪರದಾಡೋರು ಇಲ್ಲಿಗೆ ಹೇಗೆ ಬರ್ತಾರೆ ಸಾರ್? ಸಮ್ಮೇಳನ ನಮ್ಮಿಬ್ಬರಿಗಾ?"

ನನ್ನ ಹಟಕ್ಕೆ ಕಾರಣ ಅತ್ತಿಗೆ. ನನ್ನ ಅಮ್ಮನನ್ನು ದಿನವೂ ಎತ್ತಿ, ಹೊರಳಿಸಿ, ಕೂರಿಸಿ ಅವರ ಸೊಂಟ ಹಾಳಾಗಿತ್ತು. ಇನ್ನೂ ಹೀಗೇ ಎತ್ತಿದರೆ ನೀವೂ ಹಾಸಿಗೆ ಹಿಡಿಯುತ್ತೀರಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸೊಂಟ ನೋಯದಂತೆ ರೋಗಿಯನ್ನು ಎತ್ತುವುದು ಹೇಗೆಂದು ನಮ್ಮ ಸಮ್ಮೇಳನದಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಕಲಿಸುವವರಿದ್ದರು. ಆ ಪಾಠವೊಂದಕ್ಕಾಗಿ ಸಮ್ಮೇಳನದ ದಿನ ಅತ್ತಿಗೆ ಪಕ್ಕದ ಮನೆಯವರ ಕೈಕಾಲು ಹಿಡಿದು ಅಮ್ಮನ ಹತ್ತಿರ ಕೂರಿಸಿ ಬಂದಿದ್ದರು.

ಕೊನೆಗೆ ಶುಲ್ಕವೇ ಇಲ್ಲವೆಂದಾಗಿತ್ತು. ನಾನು ಗೆದ್ದೆನೆಂದು ಬೀಗಿದ್ದೆ. ಬದಲಿಗೆ ಆಸ್ಪತ್ರೆ ಮಂಚ ಮಾರುವವನೊಬ್ಬ ದೇಣಿಗೆ ಕೊಡಲು ಒಪ್ಪಿದ; ಅರ್ಧ ಮುಂಗಡ, ಉಳಿದರ್ಧ ಕಾರ್ಯಕ್ರಮ ಮುಗಿದ ಮೇಲೆ. ಬಾಡಿಗೆ ಉಳಿಯಲಿ ಎಂದು ಸಭಾಂಗಣವನ್ನು ಅರ್ಧ ದಿನಕ್ಕಷ್ಟೇ ಹಿಡಿದೆವು. ಮಂಚದವನೂ ನಾಲ್ಕು ಮಾತಾಡಲಿ ಎಂದು ನಾನೇ ತಲೆಯಾಡಿಸಿದ್ದೆ.

ನಾಲ್ಕು ಮಾತಂತೆ! ಅವನು ಮೈಕು ಹಿಡಿದವನು ಬಿಡಲೇ ಇಲ್ಲ. ಗುಂಡಿ ಒತ್ತಿದರೆ ತಲೆಯ ಕಡೆ ಏಳುತ್ತದೆ, ಇನ್ನೊಂದು ಒತ್ತಿದರೆ ಕಾಲಿನ ಕಡೆ ಏಳುತ್ತದೆ. ಬೆಲೆ ಕೇಳಿದ ಹೆಂಗಸೊಬ್ಬರು ಬೆಪ್ಪಾಗಿ ಕೂತುಬಿಟ್ಟರು. ನಾನು ಕೆಕ್ಕರಿಸಿ ನೋಡಿದೆ, ಕೆಮ್ಮಿದೆ, ಚೀಟಿ ಕಳಿಸಿದೆ. ಅವನು ಹಾಸಿಗೆಯ ಬಟ್ಟೆಯ ಬಗ್ಗೆ ಶುರು ಮಾಡಿದ.

ಖಜಾಂಚಿ ನನ್ನ ಕಿವಿಯ ಹತ್ತಿರ ಬಂದರು. "ಎತ್ತೋ ಪಾಠ ಬಿಟ್ಬಿಡಿ. ಊಟ ಆಗ್ತಿದ್ದ ಹಾಗೆ ಹಾಲ್ ಖಾಲಿ ಮಾಡ್ಬೇಕು."

ನನ್ನ ಹಿಂದಿನ ಸಾಲಿನಲ್ಲಿ ಅತ್ತಿಗೆ ಸೊಂಟ ಹಿಡಿದುಕೊಂಡು ಎದ್ದರು. "ನಾನು ಹೊರಡ್ತೀನಿ ಕಣೇ. ಪಾಪ, ಪಕ್ಕದ ಮನೆಯವರು ಎಷ್ಟೊತ್ತು ಅಂತ ಕೂತಿರ್ತಾರೆ?"

ನನಗೆ ಪಿತ್ತ ನೆತ್ತಿಗೇರಿತು. ಒಂದು ಕೈಯಲ್ಲಿ ಅತ್ತಿಗೆಯನ್ನೂ ಇನ್ನೊಂದರಲ್ಲಿ ಫಿಸಿಯೋಥೆರಪಿಸ್ಟರನ್ನೂ ಎಳೆದುಕೊಂಡು ಹೊರಗಿನ ಪಡಸಾಲೆಗೆ ಬಂದೆ. ಉಟ್ಟ ಸೀರೆಯಲ್ಲೇ ನೆಲದ ಮೇಲೆ ಉದ್ದಕ್ಕೆ ಮಲಗಿದೆ.

"ನಾನೇ ರೋಗಿ. ಇವರಿಗೆ ಕಲಿಸಿ."

ಅವರು ಕಲಿಸತೊಡಗಿದರು. ಮೊದಲು ಪಕ್ಕಕ್ಕೆ ಹೊರಳಿಸಿ. ಮಂಡಿ ಬಗ್ಗಲಿ, ಸೊಂಟ ಬೇಡ. ನಿಮ್ಮ ಮೈಗೆ ಒತ್ತಿ ಹಿಡ್ಕೊಳ್ಳಿ. ಒಬ್ಬೊಬ್ಬರಾಗಿ ಹೆಂಗಸರು, ಗಂಡಸರು ಒಳಗಿನಿಂದ ಹೊರಬಂದು ನನ್ನ ಸುತ್ತ ನಿಂತರು. ಒಳಗೆ ಮೈಕು ಇನ್ನೂ ಸ್ವಲ್ಪ ಹೊತ್ತು ಮಾತಾಡಿ ಸುಮ್ಮನಾಯಿತು.

ಖಜಾಂಚಿ ಬಂದು ನನ್ನ ತಲೆಯ ಹತ್ತಿರ ನಿಂತರು. "ಆ ಮನುಷ್ಯ ಮುಖ ಊದಿಸ್ಕೊಂಡು ಹೊರಟ. ಉಳಿದರ್ಧ ಕೊಡಲ್ವಂತೆ. ಇನ್ಮೇಲೆ ನರ್ಸು ವಾರ ಬಿಟ್ಟು ವಾರ. ಸಂತೋಷ ಆಯ್ತಾ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನನಗೆ ಅದಕ್ಕೇ ಇನ್ನಷ್ಟು ಉರಿಯಿತು. ಆ ವಾರ ಬಿಟ್ಟು ವಾರದ ಮನೆಗಳಲ್ಲಿ ಅಮ್ಮನದೂ ಒಂದು.

ಅಷ್ಟರಲ್ಲಿ ಅತ್ತಿಗೆಯ ಕೈ ನನ್ನ ಬೆನ್ನ ಕೆಳಗೆ ಬಂತು. ಸಲೀಸಾಗಿ ನನ್ನನ್ನು ಎತ್ತಿ ಕೂರಿಸಿದರು. "ನೋವೇ ಆಗ್ಲಿಲ್ಲ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೂ ಅಳು ಬಂತು.

"ಏಳು ಈಗ. ನಾನು ಮಲಗ್ತೀನಿ, ನೀನು ಎತ್ತು."

"ನಾನ್ಯಾಕೆ ಅತ್ತಿಗೆ?"

"ನರ್ಸು ಬರದ ವಾರ ಮತ್ಯಾರು ಬರ್ತಾರೆ? ನಿನ್ನ ಅಮ್ಮ ತಾನೇ?"

ಅತ್ತಿಗೆ ಮಲಗಿದರು. ನಾನು ಮಂಡಿಯೂರಿದೆ. ಎಲ್ಲರೂ ನೋಡುತ್ತಿದ್ದರು. ಮೊದಲು ಕೈ ಎಲ್ಲಿ ಹಾಕಬೇಕೆಂದೇ ನನಗೆ ತಿಳಿಯಲಿಲ್ಲ.