ಫಿಯಟ್ಟಿನ ಒಳಮೈ

ತಿಪ್ಪಸಂದ್ರದ ಗಂಗರಾಜು ತೀರಿಹೋದ ತಮ್ಮ ತಂದೆಯ ಫಿಯಟ್ ಕಾರನ್ನು ಲಾರಿಯಲ್ಲಿ ಹೇರಿಕೊಂಡು ರಾಮನಗರಕ್ಕೆ ತಂದಾಗ ಅದರ ಹಿಂದಿನ ಸೀಟಿನ ಗುಳಿಯಲ್ಲಿ ಕೋಳಿಮೊಟ್ಟೆಗಳಿದ್ದವು. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಕಾರು. ಇಲಿಗಳು ಸೀಟಿನ ತೆಂಗಿನ ನಾರನ್ನೆಲ್ಲ ಎಳೆದು ಗೂಡು ಕಟ್ಟಿದ್ದವು. ಒಳಚಾವಣಿಯ ಬಟ್ಟೆ ಹರಿದು ಜೋತುಬಿದ್ದು ಕೂತವರ ನೆತ್ತಿಗೆ ತಾಗುತ್ತಿತ್ತು.

“ಒಳಗೆಲ್ಲ ಮೊದ್ಲಿದ್ದಂಗೇ ಆಗ್ಬೇಕು ನರಸಯ್ಯನೋರೆ. ನಮ್ಮಪ್ಪ ಓಡಿಸ್ತಿದ್ದಾಗ ಹೆಂಗಿತ್ತೋ ಹಂಗೆ,” ಎಂದರು ಗಂಗರಾಜು.

ಜೊತೆಗೆ ಮಗಳು ಸುಚಿತ್ರಾ ಬಂದಿದ್ದಳು. ಮಾಗಡಿಯ ಹೈಸ್ಕೂಲೊಂದರಲ್ಲಿ ಅವಳು ವಿಜ್ಞಾನದ ಟೀಚರು. ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ದುಪಟ್ಟಾದಲ್ಲಿ ಇಟ್ಟುಕೊಂಡು, ಕಾರಿನ ಬಾಗಿಲಿಗೆ ಒರಗಿ ನಿಂತಿದ್ದಳು.

ನರಸಯ್ಯ ಹಳೇ ಮೈಸೂರು ರಸ್ತೆಯಲ್ಲಿ ಕಾರು, ಲಾರಿ, ಆಟೋಗಳ ಸೀಟು ಹೊಲಿಯುವ ಅಂಗಡಿ ಇಟ್ಟು ಹೆಸರು ಮಾಡಿದವರು. ಬೈಪಾಸ್ ಆದ ಮೇಲೆ ದೂರದ ಗಾಡಿಗಳು ಆ ಕಡೆ ಸುಳಿಯುವುದು ಕಮ್ಮಿಯಾಗಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅವರ ಬಲಗೈಗೆ. ಲಕ್ವ ಹೊಡೆದು, ಮೈ ಸುಧಾರಿಸಿದರೂ ಬೆರಳುಗಳು ಮತ್ತೆ ಸೂಜಿ ಹಿಡಿಯಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು. ಆಮೇಲಿಂದ ಅಂಗಡಿಯಿಂದ ಹೊರಬಿದ್ದ ಪ್ರತಿಯೊಂದು ಸೀಟನ್ನೂ ಹೊಲಿದವಳು ಅವರ ಮಗಳು ಅನುಷಾ ಎಂಬುದು ಮಾತ್ರ ಗೊತ್ತಿರಲಿಲ್ಲ.

ಗೊತ್ತಾಗಬಾರದೆಂದು ನರಸಯ್ಯನೇ ಕಟ್ಟುಮಾಡಿದ್ದರು. ಅನುಷಾ ಬಿ.ಕಾಂ. ಓದಿದವಳು, ಮೂವತ್ತರ ಹತ್ತಿರ ಬಂದಿದ್ದಳು. ಲೆಕ್ಕ ಬರೆಯಲು ಅಂಗಡಿಯಲ್ಲಿ ಕೂರುತ್ತಿದ್ದಾಗಲೇ, ಹುಡುಗಿ ಗ್ಯಾರೇಜುಗಳ ಸಾಲಿನಲ್ಲಿ ಗಂಡಸರ ಮಧ್ಯೆ ಕೂರ್ತಾಳಂತೆ ಅನ್ನುವ ಮಾತಿಗೇ ಬಂದ ಸಂಬಂಧಗಳು ಮುರಿದಿದ್ದವು. ಹಾಗಾಗಿ ಅವಳ ಮೆಷಿನ್ನು ಅಂಗಡಿಯ ಹಿಂದಿನ ತಗಡಿನ ಶೆಡ್ಡಿಗೆ ಹೋಯಿತು. ಮುಂದಿನ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡಲು ಅವಳ ತಮ್ಮ ದೀಪು ಇದ್ದ. ದೀಪು ಸೆಕೆಂಡ್ ಹ್ಯಾಂಡ್ ಗಾಡಿಗಳ ಬ್ರೋಕರು. ನಗುಮುಖದವನು, ಮಾತಿನಲ್ಲಿ ಮನೆ ಕಟ್ಟುವವನು. ಸೂಜಿಗೆ ದಾರ ಪೋಣಿಸಿದವನಲ್ಲ.

ಫಿಯಟ್ಟನ್ನು ಶೆಡ್ಡಿಗೆ ತಳ್ಳಿದ ಮೇಲೆ ಅನುಷಾ ಅದನ್ನು ಬಿಚ್ಚತೊಡಗಿದಳು. ಮೊದಲು ಸೀಟುಗಳು, ಆಮೇಲೆ ಬಾಗಿಲ ಹಿಡಿಗಳು, ಗಾಜು ಇಳಿಸುವ ಕೈಗಳು, ಬಾಗಿಲ ಒಳಹಲಗೆಗಳು, ಕಡೆಗೆ ಒಳಚಾವಣಿಯ ಬಟ್ಟೆ. ಹರಿದದ್ದು, ಕೊಳೆತದ್ದು ಅಂತ ಯಾವುದನ್ನೂ ಎಸೆಯಲಿಲ್ಲ. ಒಂದೊಂದು ತುಂಡಿನ ಹಿಂದೆಯೂ ಸೀಮೆಸುಣ್ಣದಲ್ಲಿ ಗುರುತು ಹಾಕಿ ಗೋಡೆಗೆ ನೇತುಹಾಕಿದಳು. ಹೊಸದನ್ನು ಕತ್ತರಿಸಲು ಅವೇ ಅಳತೆ. ಸೀಟು ಬೂದಿ ಬಣ್ಣದ್ದೆಂದು ಗಂಗರಾಜು ಹೇಳಿದ್ದರು. ಹೊಲಿಗೆ ಬಿಚ್ಚಿದಾಗ ಮಡಿಕೆಯೊಳಗೆ, ಬಿಸಿಲೇ ಕಾಣದ ಕಡೆ, ಎಳೆ ಹಸಿರು ಕಂಡಿತು. ಅನುಷಾ ಆ ತುಂಡನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಅಂಥ ರೆಕ್ಸಿನ್ನಿಗೆ ದೀಪು ಬೆಂಗಳೂರಿನ ಅಂಗಡಿಗಳನ್ನೆಲ್ಲ ಅಲೆದ. ಅಷ್ಟು ಮಟ್ಟಿಗೆ ಅವನೂ ದುಡಿದ.

ಬರೀ ತಗಡಾಗಿ ಉಳಿದ ಕಾರು ಬಣ್ಣಕ್ಕೆಂದು ಪಕ್ಕದ ಗ್ಯಾರೇಜಿಗೆ ಹೋಗಿ ಬಂತು. ಆಮೇಲೆ ಒಳಮೈ ಕಟ್ಟುವ ಕೆಲಸ. ಸ್ಪ್ರಿಂಗುಗಳ ತುಕ್ಕು ಉಜ್ಜಿ, ಮುರಿದವನ್ನು ತಂತಿಯಲ್ಲಿ ಬಿಗಿದು, ಮೇಲೆ ತೆಂಗಿನ ನಾರಿನ ಹಾಸು, ಅದರ ಮೇಲೆ ಹತ್ತಿ ಇಟ್ಟಳು. ನೆಲಹಾಸಿನ ಅಡಿಗೆ ಹಾಕಲು ತಾಯಿ ಮುನಿರತ್ನಮ್ಮ ತವರಿನ ಹಳೇ ಕಂಬಳಿಗಳನ್ನು ಕೊಟ್ಟಳು. ಒಳಚಾವಣಿಯ ಬಟ್ಟೆಯನ್ನು ನಡುವಿನಿಂದ ಅಂಚಿಗೆ ಎಳೆದೆಳೆದು ಅಂಟಿಸುವಾಗ ತಲೆ ಹಿಂದಕ್ಕೆ ಬಾಗಿಸಿ ಕತ್ತು ಮರಗಟ್ಟುತ್ತಿತ್ತು. ಒಂದು ಸುಕ್ಕು ಉಳಿದರೂ ಕಿತ್ತು ಮತ್ತೆ ಎಳೆಯುತ್ತಿದ್ದಳು.

ಭಾನುವಾರಗಳಲ್ಲಿ ಸುಚಿತ್ರಾ ಬರುತ್ತಿದ್ದಳು. ಶೆಡ್ಡಿನೊಳಗೆ ಧೂಳು, ಅಂಟಿನ ವಾಸನೆ ಅಂತ ನೆವ ಹೇಳಿ ದೀಪು ಅವಳನ್ನು ಮುಂದಿನ ಅಂಗಡಿಯಲ್ಲೇ ಕೂರಿಸುತ್ತಿದ್ದ. ತಗಡಿನ ಗೋಡೆಯ ಹಿಂದೆ ಕೂತ ಅನುಷಾಗೆ ಅವಳ ಮಾತೆಲ್ಲ ಕೇಳಿಸುತ್ತಿತ್ತು.

“ತಾತ ಗಾಡಿ ಓಡ್ಸುವಾಗ ಬಲಗೈ ಮೊಣಕೈನ ಬಾಗ್ಲಿನ ದಿಂಬಿನ ಮೇಲೇ ಊರ್ತಿದ್ರು. ಊರಿ ಊರಿ ಅಲ್ಲೊಂದು ಗುಂಡಿ ಬಿದ್ದಿತ್ತು. ಅವ್ರ ತೊಡೆ ಮೇಲೆ ಕೂತಾಗ ನಾನು ಆ ಗುಂಡೀಲಿ ಕಡ್ಲೇಕಾಯಿ ಇಟ್ಕೊಂಡು ತಿನ್ತಿದ್ದೆ. ಅದೊಂದು ಹೋಗುತ್ತಲ್ಲ ಅಂತ ಬೇಜಾರು,” ಎಂದಳು ಒಂದು ದಿನ.

ದೀಪು ಏನೋ ಸಮಾಧಾನ ಹೇಳಿ ಕಳಿಸಿದ. ಅನುಷಾ ಗೋಡೆಗೆ ನೇತುಹಾಕಿದ್ದ ಆ ದಿಂಬನ್ನು ಇಳಿಸಿ ಬಿಚ್ಚಿ ನೋಡಿದಳು. ಒಳಗಿನ ಉಣ್ಣೆಯ ಪದರ ಒಂದೇ ಕಡೆ ತೆಳುವಾಗಿ, ಗಟ್ಟಿಯಾಗಿ ಕೂತಿತ್ತು. ಅದನ್ನು ಬದಲಾಯಿಸದೆ ಬಿಸಿಲಿಗೆ ಹಾಕಿ, ಹಾಗೇ ಒಳಗಿಟ್ಟು, ಮೇಲೆ ಹೊಸ ಹಸಿರು ರೆಕ್ಸಿನ್ನು ಹೊಲಿದಳು. ಕಣ್ಣಿಗೆ ದಿಂಬು ಸಮವಾಗಿ ಕಾಣುತ್ತಿತ್ತು. ಮೊಣಕೈ ಊರಿದರೆ ಮಾತ್ರ ಅದು ತನ್ನ ಹಳೇ ಜಾಗ ಹುಡುಕಿಕೊಂಡು ತಗ್ಗುತ್ತಿತ್ತು.

ಕಾರು ಒಯ್ಯಲು ಬಂದ ದಿನ ಗಂಗರಾಜು ಅದರ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಸುಚಿತ್ರಾ ಸ್ಟೇರಿಂಗಿನ ಮುಂದೆ ಕೂತಳು. ಸೀಟು ಸವರಿದಳು, ಮೇಲೆ ನೋಡಿದಳು, ಮೊಣಕೈಯನ್ನು ಬಾಗಿಲಿನ ದಿಂಬಿಗೆ ಊರಿದಳು. ಕೈ ತಗ್ಗಿತು. ಒಂದು ಗಳಿಗೆಯಲ್ಲಿ ಕಣ್ಣೀರು ಕೆನ್ನೆಗಿಳಿಯಿತು.

“ಇದನ್ನ ಮಾಡಿದ್ದು ಯಾರು?” ಎಂದಳು.

ಅನುಷಾ ಕಾಫಿಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಗಮ್ಮಿನ ಕಲೆ ಇನ್ನೂ ಉಗುರಿನಲ್ಲಿತ್ತು. ನರಸಯ್ಯ ಅವಳ ಕಡೆ ತಿರುಗಲಿಲ್ಲ.

“ಇನ್ಯಾರವ್ವ, ನಮ್ಮ ದೀಪು. ನನ್ ಕೈ ಹೋದ್ಮೇಲೆ ಎಲ್ಲಾ ಅವ್ನೇ ಮಾಡೋದು.”

ದೀಪು ನೆಲ ನೋಡಿದ. ಅದನ್ನು ಸಂಕೋಚವೆಂದು ಎಲ್ಲರೂ ತಿಳಿದರು. ಸುಚಿತ್ರಾ ಕಾರಿನಿಂದಿಳಿದು ಅವನನ್ನು ನೋಡಿದ ನೋಟವನ್ನು ಅನುಷಾ ನೋಡಿದಳು. ತಟ್ಟೆಯಲ್ಲಿದ್ದ ಕಾಫಿ ಲೋಟಗಳನ್ನು ಒಬ್ಬೊಬ್ಬರಿಗೂ ಕೊಟ್ಟು ಒಳಗೆ ಹೋದಳು.

ಮಾತಿನ ನಡುವೆ, ಎರಡೂ ಮನೆಯವರು ಕುರಿ ಸಾಕಿದ ವಂಶದವರು, ಒಂದೇ ಜಾತಿಯವರು ಎಂದು ಗೊತ್ತಾಗಿತ್ತು. ಹದಿನೈದು ದಿನದಲ್ಲಿ ಗಂಗರಾಜು ಸಂಬಂಧ ಕೇಳಿಕೊಂಡು ಬಂದರು. “ಸರ್ಕಾರಿ ಕೆಲ್ಸದೋರ್ನೇ ಬ್ಯಾಡ ಅಂದವ್ಳು ನನ್ ಮಗ್ಳು. ಇವತ್ತು ಅವ್ಳೇ ಬಾಯ್ಬುಟ್ಟು ಹೇಳವ್ಳೆ, ಈ ಹುಡ್ಗನ್ ಕೈಕೆಲ್ಸ ನೋಡಿ ಒಪ್ಪಿದೀನಿ ಅಂತ,” ಎಂದರು.

ಅವರು ಹೋದ ಮೇಲೆ ಅನುಷಾ ಅಪ್ಪನ ಮುಂದೆ ನಿಂತಳು.

“ಅಪ್ಪ, ಅವ್ಳು ಒಪ್ಪಿರೋದು ನನ್ ಕೆಲ್ಸನ.”

“ಅಂಗಂತ ನಿನ್ನ ಮದ್ವೆ ಆಯ್ತಾಳಾ?” ನರಸಯ್ಯ ರೇಗಿದರು. “ಹೊಲ್ದೋಳು ನೀನು ಅಂತ ಹೇಳ್ಬುಟ್ರೆ ಅವನ ಸಂಬಂಧವೂ ಹೋಯ್ತದೆ, ನಿಂಗೆ ಬರೋದೂ ನಿಂತೋಯ್ತದೆ. ಒಂದು ಮಾತ್ನಾಗೆ ಎರಡು ಮನೆ ಕೆಡಿಸ್ತೀಯಾ?”

ಮುನಿರತ್ನಮ್ಮ ಅಡಿಗೆಮನೆಯ ಬಾಗಿಲಲ್ಲೇ ನಿಂತು ಹೇಳಿದಳು: “ನುಂಗ್ಕೊ ಕಣವ್ವ. ಒಡಹುಟ್ಟಿದೋನಲ್ವಾ.”

ಸಂಜೆ ದೀಪು ಶೆಡ್ಡಿಗೆ ಬಂದು ಅವಳ ಮೆಷಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಅವನಿಗೆ ಸುಚಿತ್ರಾ ನಿಜವಾಗಿಯೂ ಮನಸ್ಸಿಗೆ ಹಿಡಿದಿದ್ದಳು. “ಅಕ್ಕ, ಮದ್ವೆ ಒಂದು ಆಗೋಗ್ಲಿ. ಆಮೇಲೆ ನಾನೇ ಅವ್ಳಿಗೆ ಹೇಳ್ತೀನಿ. ನಿನ್ನಾಣೆ,” ಎಂದ. ಅವನ ಮುಖ ನೋಡಿ ಅನುಷಾಗೆ ಅಯ್ಯೋ ಅನ್ನಿಸಿತು. ಹೂಂ ಅಂದಳು.

ಮದುವೆಯಾಯಿತು. ವಧೂವರರು ಫಿಯಟ್ಟಿನಲ್ಲೇ ಮೆರವಣಿಗೆ ಬಂದರು. ಸುಚಿತ್ರಾ ರಾಮನಗರದಿಂದಲೇ ಮಾಗಡಿಗೆ ಬಸ್ಸಿನಲ್ಲಿ ಹೋಗಿಬಂದು ಮಾಡತೊಡಗಿದಳು. ಮನೆಗೆ ಹೊಂದಿಕೊಂಡಳು. ಎಲ್ಲರಿಗಿಂತ ಹೆಚ್ಚು ಅನುಷಾಗೆ ಅಂಟಿಕೊಂಡಳು. ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಾಗ ತಾತನ ಸುದ್ದಿ, ಸ್ಕೂಲಿನ ಸುದ್ದಿ ಹೇಳುತ್ತಿದ್ದಳು.

“ಅಕ್ಕ, ನಾನು ಕಡ್ಲೇಕಾಯಿ ಮಾತು ಹೇಳಿದ್ದು ಒಂದೇ ಸಲ. ಅದನ್ನ ನೆನಪಿಟ್ಕೊಂಡು ಮಾಡಿದ್ರಲ್ಲ, ಅಂಥ ಮನುಷ್ಯ ನನ್ನ ಯಾವತ್ತೂ ನೋಯಿಸಲ್ಲ ಅನ್ನಿಸ್ತು,” ಎಂದಳು ಒಮ್ಮೆ.

ಅನುಷಾ ಕೈಯಲ್ಲಿದ್ದ ಸಿಪ್ಪೆಯನ್ನು ಮೊರಕ್ಕೂ ಕಾಳನ್ನು ಕಸಕ್ಕೂ ಹಾಕಿದಳು. ಸುಚಿತ್ರಾ ನಕ್ಕಳು. ಅನುಷಾನೂ ನಕ್ಕಳು.

ದೀಪು ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅನ್ನುತ್ತಿದ್ದ. ಮೊದಲು ಹಬ್ಬ ಕಳೀಲಿ ಅಂದ. ಆಮೇಲೆ ಮಾವನಿಗೆ ಬಿ.ಪಿ. ಇಳೀಲಿ ಅಂದ. ಸುಚಿತ್ರಾ ಸ್ಕೂಲಿಗೆ ಹೋದ ಮೇಲೆ ಅನುಷಾ ಶೆಡ್ಡಿಗೆ ಹೋಗುವಳು, ಅವಳು ಬರುವ ಬಸ್ಸಿನ ಹೊತ್ತಿಗೆ ಕೈ ತೊಳೆದು ಮನೆಯಲ್ಲಿರುವಳು. ಅಂಗಡಿಯಲ್ಲಿ ಹೆಂಗಸರು ಕೂರಬಾರದು ಎಂದು ನರಸಯ್ಯ ಸೊಸೆಗೂ ಹೇಳಿಟ್ಟಿದ್ದರು.

ಒಂದು ಗುರುವಾರ ಸುಚಿತ್ರಾಳ ಸ್ಕೂಲಿಗೆ ಮಧ್ಯಾಹ್ನವೇ ರಜೆ ಕೊಟ್ಟರು. ಬಸ್ಸಿಳಿದು ನೇರ ಅಂಗಡಿಗೆ ಬಂದಳು. ದೀಪು ರಸ್ತೆಯಾಚೆ ಯಾರದೋ ಬೈಕಿನ ಮೇಲೆ ಕೂತು ಫೋನಿನಲ್ಲಿ ವ್ಯಾಪಾರ ಮಾತಾಡುತ್ತಿದ್ದ. ಶೆಡ್ಡಿನೊಳಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಗಂಡ ಹೊರಗಿದ್ದರೆ ಒಳಗೆ ಹೊಲಿಯುವವರು ಯಾರೆಂದು ಅವಳು ತಗಡಿನ ಬಾಗಿಲು ತಳ್ಳಿದಳು.

ಅನುಷಾ ಜೀಪಿನ ಸೀಟಿನ ಹೊದಿಕೆಯೊಂದನ್ನು ಮೆಷಿನ್ನಿನ ಅಡಿ ತಿರುಗಿಸುತ್ತಿದ್ದಳು. ಎರಡು ಪಿನ್ನು ತುಟಿಯ ನಡುವೆ ಕಚ್ಚಿದ್ದಳು. ಸುಚಿತ್ರಾ ಮೆಷಿನ್ನು ನೋಡಿದಳು, ಅವಳ ಬೆರಳು ನೋಡಿದಳು. ಗೋಡೆಯ ಮೇಲೆ ಇನ್ನೂ ನೇತಾಡುತ್ತಿದ್ದ ಫಿಯಟ್ಟಿನ ಹಳೇ ಬೂದಿ ಬಣ್ಣದ ಚೂರುಗಳನ್ನೂ ನೋಡಿದಳು.

“ಫಿಯಟ್ಟೂ ನೀವೇನಾ ಅಕ್ಕ?”

ಅನುಷಾ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಆಗ ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. “ಹೂಂ ಕಣೆ.”

“ಆ ದಿಂಬು?”

“ಅದೂ ನಾನೇ. ಇಲ್ಲಿ ಕೂತಿದ್ದೆ. ನೀನು ಹೇಳಿದ್ದು ಕೇಳಿಸ್ತು.”

ಸುಚಿತ್ರಾ ಕೂಗಾಡಲಿಲ್ಲ. ಮೆಲ್ಲಗೆ ಹೇಳಿದಳು: “ಮಾವ ಸುಳ್ಳು ಹೇಳಿದ್ರು, ಮಗನ ಮದ್ವೆ ಆಗ್ಲಿ ಅಂತ. ನಿಮ್ಮ ತಮ್ಮ ಸುಳ್ಳು ಹೇಳಿದ್ರು, ನಾನು ಬೇಕಿತ್ತು ಅಂತ. ನಿಮಗೇನಾಗಿತ್ತು? ನನ್ನ ಪಕ್ಕ ಕೂತು ಅವರೆಕಾಯಿ ಬಿಡಿಸ್ತಾ ಎಲ್ಲಾ ಕೇಳಿಸ್ಕೊಂಡ್ರಿ. ನೀವೂ ಹೆಂಗಸೇ ಅಲ್ವಾ?”

ತನಗಾದ ಅನ್ಯಾಯ ಅನುಷಾಳ ಬಾಯಿಗೆ ಬಂತು. ಆದರೆ ಆ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಮಾರನೇ ದಿನವೇ ಗಂಗರಾಜು ಬಂದು ಬೀದಿಗೆ ಕೇಳುವಂತೆ ಎಗರಾಡಿದರು. “ಮಗ್ಳು ಹೊಲ್ದಿದ್ನ ಮಗನ ಹೆಸ್ರಲ್ಲಿ ಮಾರ್ಕೊಂಡ್ರಲ್ರೀ ಬೀಗ್ರೆ! ಥೂ, ಕುರಿ ಮಾರೋನೂ ಅದ್ರ ಬಾಯ್ ಬುಡ್ಸಿ ಹಲ್ಲು ತೋರಿಸ್ತಾನೆ!” ಎಂದು ಮಗಳನ್ನು ಫಿಯಟ್ಟಿನಲ್ಲಿ ಕೂರಿಸಿಕೊಂಡು ಹೊರಟೇ ಹೋದರು. ಕಾರು ತಿರುವು ದಾಟಿದ್ದೇ ನರಸಯ್ಯ ಬಡಿಯುವವರಂತೆ ಎಡಗೈ ಎತ್ತಿದರು, ಅನುಷಾಳ ಕಡೆಗೆ.

“ಆಯ್ತೇನೇ ತೃಪ್ತಿ? ಇಲ್ಲ ಅಂದಿದ್ರೆ ನಿನ್ ಗಂಟೇನು ಹೋಗ್ತಿತ್ತು?”

ದೀಪು ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದ. ಅಕ್ಕನ ಪರವಾಗಿ ಒಂದು ಮಾತೂ ಆಡಲಿಲ್ಲ. ಅನುಷಾ ಅದಕ್ಕಾಗಿ ಸ್ವಲ್ಪ ಹೊತ್ತು ಕಾದಳು.

ಹಿರಿಯರು ಸೇರಿ ಮಾತುಕತೆಯಾಯಿತು. ಸುಚಿತ್ರಾ ಬಸುರಿಯಾಗಿದ್ದಳು. ಅದು ಗೊತ್ತಾದ ಮೇಲೆ ಗಂಗರಾಜು ದನಿ ತಗ್ಗಿಸಿದರು. ಒಂದು ಷರತ್ತು ಹಾಕಿದರು. ಅಳಿಯ ಆ ಅಂಗಡಿ ಮುಚ್ಚಬೇಕು, ಜನ ಆಡಿಕೊಳ್ಳುವುದಕ್ಕೆ ಏನೂ ಉಳಿಯಬಾರದು. ನರಸಯ್ಯ ಒಪ್ಪಿದರು. ಶೆಡ್ಡನ್ನು ಟೈರಿನವನಿಗೆ ಬಾಡಿಗೆಗೆ ಕೊಟ್ಟರು. ಸುಚಿತ್ರಾ ಮರಳಿ ಬರುವ ಮನೆಯಲ್ಲಿ ತನಗೆ ಜಾಗವಿಲ್ಲವೆಂದು ಅನುಷಾಗೆ ತಿಳಿಯಿತು. ಮೆಷಿನ್ನು ಗುಜರಿಗೆ ಹೋಗುವುದನ್ನು ನೋಡಲಾರದೆ ಅದನ್ನು ಆಟೋದಲ್ಲಿ ಹಾಕಿಸಿಕೊಂಡು, ಬಟ್ಟೆಯ ಚೀಲವೊಂದನ್ನು ಹಿಡಿದು ಚನ್ನಪಟ್ಟಣಕ್ಕೆ ಹೊರಟಳು. ಮುನಿರತ್ನಮ್ಮ ಗೇಟಿನವರೆಗೆ ಬಂದು, “ಒಸಿ ದಿನ ಅಷ್ಟೇ ಕಣವ್ವ,” ಎಂದಳು. ಇರು ಅನ್ನಲಿಲ್ಲ.

ಚನ್ನಪಟ್ಟಣದಲ್ಲಿ ಮುಬಶ್ಶಿರ್ ಎಂಬವರು ಬಸ್ಸುಗಳ ಸೀಟು ಮಾಡಿಸುತ್ತಿದ್ದರು. ನರಸಯ್ಯನ ಕೆಲಸ ಬಲ್ಲವರು. ಒಂದು ಹೊಲಿಗೆ ನೋಡಿ ಅವಳನ್ನು ಸೇರಿಸಿಕೊಂಡರು. ಅಲ್ಲಿ ದಿನವೆಲ್ಲ ಒಂದೇ ನೀಲಿ ರೆಕ್ಸಿನ್ನು, ಒಂದೇ ಅಳತೆ, ನೇರ ಹೊಲಿಗೆ. ಕಣ್ಣು ಮುಚ್ಚಿ ಮಾಡಬಹುದಾದ ಕೆಲಸ. ಅವಳು ಬಾಡಿಗೆಗೆ ಒಂದು ಕೋಣೆ ಹಿಡಿದಳು. ಮನೆಯಿಂದ ಅಮ್ಮ ಮಾತ್ರ ಫೋನು ಮಾಡುತ್ತಿದ್ದಳು, ಅದೂ ಅಪ್ಪ ಹೊರಗೆ ಹೋಗಿದ್ದಾಗ.

ಬಸುರಿನ ಏಳನೇ ತಿಂಗಳಲ್ಲಿ ಸುಚಿತ್ರಾ ಒಬ್ಬಳೇ ಬಸ್ಸಿನಲ್ಲಿ ಬಂದಳು. ಊಟದ ಬಿಡುವಿನಲ್ಲಿ ಇಬ್ಬರೂ ಎದುರಿನ ಹೋಟೆಲಿನಲ್ಲಿ ಕೂತರು. ಸುಚಿತ್ರಾಳ ಮುಖ ಊದಿತ್ತು. ಟೀ ಬಂದರೂ ಲೋಟ ಮುಟ್ಟಲಿಲ್ಲ.

“ದೀಪು ಹೆಂಗವ್ನೆ?” ಅನುಷಾ ಕೇಳಿದಳು.

“ಚೆನ್ನಾಗಿ ನೋಡ್ಕೊತಾರೆ. ಕೇಳಿದ್ದೆಲ್ಲ ತಂದ್ಕೊಡ್ತಾರೆ.” ಸುಚಿತ್ರಾ ರಸ್ತೆಯ ಕಡೆ ನೋಡಿದಳು. “ಆದ್ರೆ ಅವ್ರು ಏನು ಹೇಳಿದ್ರೂ ಇದು ನಿಜಾನಾ ಅಂತ ಮನಸ್ಸು ಕೇಳುತ್ತೆ. ಮಳೆ ಬರೋ ಹಂಗಿದೆ ಅಂದ್ರೂ ಎದ್ದು ಹೋಗಿ ನೋಡ್ತೀನಿ.”

ಅನುಷಾ ಟೀ ಲೋಟವನ್ನು ಅವಳ ಕಡೆಗೆ ಸರಿಸಿದಳು.

“ಮುಂದಿನ ಭಾನುವಾರ ಸೀಮಂತ. ಅತ್ತೆ ನಿಮ್ಮನ್ನ ಕರಿಬೇಕು ಅಂತ ಅಳ್ತಾವ್ರೆ. ಆದ್ರೆ ನಮ್ಮಪ್ಪ ಬರ್ತಾರೆ. ನಮ್ಮ ಕಡೆ ಜನ ಎಲ್ಲಾ ಬರ್ತಾರೆ. ನಿಮ್ಮನ್ನ ನೋಡಿದ್ರೆ ಮತ್ತೆ ಅದೇ ಮಾತು ಏಳುತ್ತೆ.” ಅವಳು ಮೇಜಿನ ಮೇಲೆ ಬಿದ್ದಿದ್ದ ನೀರನ್ನು ಬೆರಳಲ್ಲಿ ಗೀರುತ್ತ ಹೇಳಿದಳು. “ಅಕ್ಕ, ನೀವು ಬರಬೇಡಿ. ಇದನ್ನ ಬೇರೆಯವರ ಬಾಯಲ್ಲಿ ಹೇಳಿಸ್ಬಾರ್ದು ಅಂತ ನಾನೇ ಬಂದೆ.”

“ಆಯ್ತು,” ಎಂದಳು ಅನುಷಾ. “ಬರಲ್ಲ.”

ಇಬ್ಬರಲ್ಲಿ ಯಾರು ಯಾರ ಕ್ಷಮೆ ಕೇಳಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅನುಷಾ ಅವಳ ಕೈ ಹಿಡಿದು ರಸ್ತೆ ದಾಟಿಸಿ, ರಾಮನಗರದ ಬಸ್ಸು ಹತ್ತಿಸಿ, ಕಿಟಕಿ ಪಕ್ಕ ಜಾಗ ಬಿಡಿಸಿಕೊಟ್ಟಳು. ಬಸ್ಸು ಹೊರಟಾಗ ಸುಚಿತ್ರಾ ತಿರುಗಿ ನೋಡಲಿಲ್ಲ.

ಕಾರ್ಖಾನೆಯಲ್ಲಿ ಆಗಲೇ ಮೆಷಿನ್ನುಗಳು ಶುರುವಾಗಿದ್ದವು. ಅನುಷಾ ತನ್ನ ಸ್ಟೂಲಿನ ಮೇಲೆ ಕೂತು, ನೀಲಿ ರೆಕ್ಸಿನ್ನಿನ ಮುಂದಿನ ತುಂಡನ್ನು ಸೂಜಿಯ ಅಡಿಗೆ ಸರಿಸಿ, ಪೆಡಲು ತುಳಿದಳು.